ಅಡಿಕೆ ಸಿಪ್ಪೆ ವಿಷಲೋಹ ಹೀರಬಲ್ಲದು. ಹೀರಿದ ಸಿಪ್ಪೆ ಹೋಗುವುದೆಲ್ಲಿಗೆ?

ಬೆಂಗಳೂರು: ಅಡಿಕೆ ಕೊಯ್ಲಿನ ಕಾಲದಲ್ಲಿ ಚನ್ನಗಿರಿ, ಶಿವಮೊಗ್ಗ ಭಾಗದ ರಸ್ತೆಗಳಲ್ಲಿ ಪ್ರಯಾಣಿಸಿದವರಿಗೆ ಆ ದೃಶ್ಯ ಪರಿಚಿತ. ಸುಲಿದ ಅಡಿಕೆಯ ಸಿಪ್ಪೆ ರಸ್ತೆಯ ಅಂಚಿನಲ್ಲಿ ರಾಶಿ ರಾಶಿಯಾಗಿ ಬಿದ್ದಿರುತ್ತದೆ. ಕೆಲವೆಡೆ ಅದಕ್ಕೆ ಬೆಂಕಿ ಇಟ್ಟಿರುತ್ತಾರೆ. ಹಸಿ ಸಿಪ್ಪೆ ಸರಿಯಾಗಿ ಉರಿಯದೆ ದಿನಗಟ್ಟಲೆ ಹೊಗೆಯಾಡುತ್ತದೆ. ವಾಹನ ಸವಾರರು ಕಣ್ಣುಜ್ಜಿಕೊಳ್ಳುತ್ತಾ ಸಾಗುತ್ತಾರೆ.

ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿರುವ ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ್ದು ಇನ್ನೊಂದು ಬಗೆಯ ತ್ಯಾಜ್ಯದ ಸಮಸ್ಯೆ. ಯಂತ್ರದ ಬಿಡಿಭಾಗಗಳಿಗೆ ಕ್ರೋಮಿಯಂ, ನಿಕ್ಕಲ್, ಸತುವಿನ ಲೇಪನ ಮಾಡುವ ಸಣ್ಣ ಎಲೆಕ್ಟ್ರೋಪ್ಲೇಟಿಂಗ್ ಘಟಕಗಳು ಇಲ್ಲಿ ಬಹಳಷ್ಟಿವೆ. ಲೇಪನದ ತೊಟ್ಟಿಯಿಂದ ಹೊರತೆಗೆದ ಪ್ರತಿ ಬಿಡಿಭಾಗವನ್ನೂ ನೀರಿನಲ್ಲಿ ತೊಳೆಯಬೇಕು. ಆ ತೊಳೆದ ನೀರಿನೊಂದಿಗೆ ಲೋಹದ ಅಂಶವೂ ಹರಿದುಬರುತ್ತದೆ. ಪೀಣ್ಯ ಸುತ್ತಮುತ್ತಲಿನ ಅಂತರ್ಜಲದಲ್ಲಿ ಹೆಕ್ಸಾವೆಲೆಂಟ್ ಕ್ರೋಮಿಯಂ ಎಂಬ ವಿಷಕಾರಿ ರೂಪದ ಕ್ರೋಮಿಯಂ ಸೇರಿರುವುದು ಹಲವು ಅಧ್ಯಯನಗಳಲ್ಲಿ ದಾಖಲಾಗಿದೆ.

ಒಂದು ಊರಿಗೆ ಬೇಡವಾದ ಸಿಪ್ಪೆ ಇನ್ನೊಂದು ಊರಿನ ವಿಷವನ್ನು ತೆಗೆಯಬಹುದೇ? ಪ್ರಯೋಗಾಲಯದ ಮಟ್ಟದಲ್ಲಿ ಈ ಪ್ರಶ್ನೆಗೆ ಉತ್ತರ ಸಿಕ್ಕಿ ಮೂರು ದಶಕಗಳೇ ಕಳೆದಿವೆ: ಖಂಡಿತವಾಗಿ ತೆಗೆಯಬಹುದು. ಭತ್ತದ ಹೊಟ್ಟು, ತೆಂಗಿನ ನಾರಿನ ಪುಡಿ, ಕಬ್ಬಿನ ಸಿಪ್ಪೆ, ಕಡಲೆಕಾಯಿ ಸಿಪ್ಪೆ, ಕಾಫಿ ಹೊಟ್ಟು, ಅಡಿಕೆ ಸಿಪ್ಪೆ ಎಲ್ಲವೂ ನೀರಿನಲ್ಲಿ ಕರಗಿರುವ ಲೋಹವನ್ನು ಹಿಡಿದಿಟ್ಟುಕೊಳ್ಳಬಲ್ಲವು. ಹಾಗಿದ್ದರೂ ಈ ವಿಧಾನ ಕಾರ್ಖಾನೆಗಳ ಅಂಗಳಕ್ಕೆ ಏಕೆ ಬಂದಿಲ್ಲ? ಬಂದರೆ ಯಾವ ಎಚ್ಚರಿಕೆಯೊಂದಿಗೆ ಬರಬೇಕು? ಈ ಎರಡು ಪ್ರಶ್ನೆಗಳನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಕರಗಿದರೂ ನಾಶವಾಗದ ವಿಷ

ಸೀಸ, ಕ್ಯಾಡ್ಮಿಯಂ, ಪಾದರಸ, ಕ್ರೋಮಿಯಂ, ನಿಕ್ಕಲ್ ಮೊದಲಾದವುಗಳನ್ನು ಭಾರ ಲೋಹಗಳೆಂದು ಕರೆಯುತ್ತಾರೆ. ಆರ್ಸೆನಿಕ್ ಕಟ್ಟುನಿಟ್ಟಾದ ಅರ್ಥದಲ್ಲಿ ಲೋಹವಲ್ಲದಿದ್ದರೂ ಅದರ ವಿಷಗುಣದಿಂದಾಗಿ ಇದೇ ಪಟ್ಟಿಯಲ್ಲಿ ಸೇರಿಕೊಂಡಿದೆ. ಚರಂಡಿಯ ಕೊಳೆಗೂ ಇವುಗಳಿಗೂ ಒಂದು ಮೂಲಭೂತ ವ್ಯತ್ಯಾಸವಿದೆ. ಕೊಳೆಯನ್ನು ಸೂಕ್ಷ್ಮಜೀವಿಗಳು ತಿಂದು ಕರಗಿಸುತ್ತವೆ. ಲೋಹವನ್ನು ಯಾವ ಜೀವಿಯೂ ಕರಗಿಸಿ ಇಲ್ಲವಾಗಿಸಲಾರದು. ಅದು ನೀರಿನಿಂದ ಕೆಸರಿಗೆ, ಕೆಸರಿನಿಂದ ಮಣ್ಣಿಗೆ, ಮಣ್ಣಿನಿಂದ ಬೆಳೆಗೆ, ಬೆಳೆಯಿಂದ ದೇಹಕ್ಕೆ ಸ್ಥಳ ಬದಲಿಸುತ್ತದೆಯೇ ಹೊರತು ನಾಶವಾಗುವುದಿಲ್ಲ.

ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ, ಲೋಹ ಹೋಗುವುದಿಲ್ಲ. ಕುದಿದು ಆವಿಯಾದಷ್ಟು ನೀರು ಕಡಿಮೆಯಾಗಿ ಲೋಹದ ಸಾಂದ್ರತೆ ಹೆಚ್ಚುತ್ತದೆ ಅಷ್ಟೆ. ಬಟ್ಟೆಯಲ್ಲಿ ಸೋಸಿದರೂ ಪ್ರಯೋಜನವಿಲ್ಲ. ಬಗ್ಗಡ ನೀರನ್ನು ತಿಳಿಯಾಗಿಸಲು ಚಿಲ್ಲದ ಬೀಜ ತೇಯ್ದು ಹಾಕುವ, ನುಗ್ಗೆ ಬೀಜದ ಪುಡಿ ಬಳಸುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಇದೆ. ಅವು ನೀರಿನಲ್ಲಿ ತೇಲುವ ಮಣ್ಣಿನ ಕಣಗಳನ್ನು ತಳಕ್ಕಿಳಿಸುತ್ತವೆ. ಆದರೆ ಕನ್ನಡಿಯಂತೆ ತಿಳಿಯಾದ ನೀರಿನಲ್ಲೂ ಕರಗಿದ ಸೀಸ ಇರಬಹುದು. ಕಣ್ಣಿಗೆ, ನಾಲಿಗೆಗೆ ಅದು ತಿಳಿಯುವುದಿಲ್ಲ.

ಇದರ ಪರಿಣಾಮ ಏನಾಗಬಹುದು ಎಂಬುದಕ್ಕೆ ಜಪಾನಿನ ತೊಯಾಮಾ ಪ್ರಾಂತ್ಯದ ಉದಾಹರಣೆ ಇದೆ. ಅಲ್ಲಿನ ಜಿಂಜೂ ನದಿಗೆ ಮೇಲ್ಭಾಗದ ಗಣಿಯಿಂದ ಕ್ಯಾಡ್ಮಿಯಂ ಸೇರುತ್ತಿತ್ತು. ಆ ನದಿಯ ನೀರು ಹರಿದ ಗದ್ದೆಗಳ ಅಕ್ಕಿಯನ್ನು ಉಂಡ ಜನರ, ವಿಶೇಷವಾಗಿ ವಯಸ್ಸಾದ ಮಹಿಳೆಯರ ಮೂತ್ರಪಿಂಡಗಳು ಕೆಟ್ಟವು. ಮೂಳೆಗಳು ಮೆದುವಾಗಿ ಮುರಿಯತೊಡಗಿದವು. ನೋವಿನ ನರಳಾಟವೇ ಆ ರೋಗಕ್ಕೆ 'ಇತಾಯಿ ಇತಾಯಿ' ಎಂಬ ಹೆಸರಾಯಿತು. 'ನೋವು, ನೋವು' ಎಂಬುದು ಅದರ ಅರ್ಥ. ಇದು ಮಾಲಿನ್ಯದಿಂದ ಬಂದ ರೋಗವೆಂದು ಜಪಾನ್ ಸರ್ಕಾರ ಅಧಿಕೃತವಾಗಿ ಒಪ್ಪಿಕೊಂಡದ್ದು 1968ರಲ್ಲಿ. ಗದ್ದೆಗಳ ಮಣ್ಣನ್ನು ಸರಿಪಡಿಸುವ ಕೆಲಸಕ್ಕೆ ಮೂರು ದಶಕಗಳಿಗೂ ಹೆಚ್ಚು ಕಾಲ ಹಿಡಿದು ಅದು 2012ರಲ್ಲಿ ಪೂರ್ಣಗೊಂಡಿತು. ನೀರಿನಲ್ಲಿದ್ದಾಗ ತಡೆಯದ ಲೋಹವನ್ನು ಮಣ್ಣಿನಿಂದ ತೆಗೆಯುವುದು ಎಷ್ಟು ಕಷ್ಟವೆಂಬುದಕ್ಕೆ ಇದು ನಿದರ್ಶನ.

ನಮ್ಮಲ್ಲೂ ನೀರು ಗದ್ದೆಗೆ ಹೋಗುತ್ತದೆ. ಬೆಂಗಳೂರಿನ ಪಶ್ಚಿಮ ಭಾಗದ ಚರಂಡಿ ನೀರು, ಕೈಗಾರಿಕಾ ತ್ಯಾಜ್ಯಗಳನ್ನು ಹೊತ್ತ ವೃಷಭಾವತಿ ಬಿಡದಿ ಬಳಿಯ ಬೈರಮಂಗಲ ಕೆರೆಯನ್ನು ತಲುಪುತ್ತದೆ. ನೀರಾವರಿಗೆಂದು ಕಟ್ಟಿದ ಕೆರೆ ಅದು. ಅದರ ಕೆಳಭಾಗದಲ್ಲಿ ರೈತರು ಹಿಪ್ಪುನೇರಳೆ, ಮೇವಿನ ಹುಲ್ಲು, ಬೇಬಿಕಾರ್ನ್, ತೆಂಗು, ತರಕಾರಿ ಬೆಳೆಯುತ್ತಾ ಬಂದಿದ್ದಾರೆ. ಮುಂದೆ ಆ ನೀರು ಅರ್ಕಾವತಿಯನ್ನು, ಅರ್ಕಾವತಿಯು ಸಂಗಮದಲ್ಲಿ ಕಾವೇರಿಯನ್ನು ಸೇರುತ್ತದೆ. ಲೋಹವನ್ನು ಕಾರ್ಖಾನೆಯ ಗೇಟಿನೊಳಗೇ ಹಿಡಿಯಬೇಕೆಂದು ಹೇಳುವುದು ಈ ಕಾರಣಕ್ಕೆ.

ಈಗಿರುವ ವಿಧಾನ, ಅದರ ಮಿತಿ

ಲೋಹವಿರುವ ನೀರನ್ನು ಶುದ್ಧೀಕರಿಸಲು ಇಂದು ಅತಿ ಹೆಚ್ಚು ಬಳಕೆಯಲ್ಲಿರುವುದು ಸುಣ್ಣ ಅಥವಾ ಕಾಸ್ಟಿಕ್ ಸೋಡಾ ಹಾಕಿ ಲೋಹವನ್ನು ಕೆಸರಿನ ರೂಪದಲ್ಲಿ ತಳಕ್ಕಿಳಿಸುವ ವಿಧಾನ. ಕ್ರೋಮಿಯಂ ಇದ್ದರೆ ಮೊದಲು ನೀರಿಗೆ ಆಮ್ಲ ಸೇರಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಅಥವಾ ಫೆರಸ್ ಸಲ್ಫೇಟ್ ಬಳಸಿ ವಿಷಕಾರಿ ಹೆಕ್ಸಾವೆಲೆಂಟ್ ರೂಪವನ್ನು ಅಷ್ಟು ವಿಷಕಾರಿಯಲ್ಲದ ಟ್ರೈವೆಲೆಂಟ್ ರೂಪಕ್ಕೆ ಪರಿವರ್ತಿಸಬೇಕು. ಬಳಿಕ ಸುಣ್ಣ ಹಾಕಿ ಅದನ್ನು ತಳಕ್ಕಿಳಿಸಬೇಕು.

ಲೋಹದ ಪ್ರಮಾಣ ಹೆಚ್ಚಿರುವಾಗ ಈ ವಿಧಾನ ಚೆನ್ನಾಗಿ ಕೆಲಸ ಮಾಡುತ್ತದೆ, ಖರ್ಚೂ ಕಡಿಮೆ. ತೊಡಕು ಇರುವುದು ಕೊನೆಯ ಅಂಶವನ್ನು ತೆಗೆಯುವಲ್ಲಿ. ಟ್ರೈವೆಲೆಂಟ್ ಕ್ರೋಮಿಯಂ ಸುಮಾರು 8ರಿಂದ 8.5ರ ಪಿಎಚ್ ಮಟ್ಟದಲ್ಲಿ ಚೆನ್ನಾಗಿ ತಳಕ್ಕಿಳಿಯುತ್ತದೆ. ನಿಕ್ಕಲ್ ಇಳಿಯಬೇಕಾದರೆ ಪಿಎಚ್ 10ರ ಆಸುಪಾಸಿನಲ್ಲಿರಬೇಕು. ಅಷ್ಟು ಏರಿಸಿದರೆ ಆಗಲೇ ಇಳಿದಿದ್ದ ಕ್ರೋಮಿಯಂ ಸ್ವಲ್ಪಸ್ವಲ್ಪವಾಗಿ ಮತ್ತೆ ಕರಗತೊಡಗುತ್ತದೆ. ಒಂದೇ ತೊಟ್ಟಿಗೆ ಎಲ್ಲ ಲೋಹಗಳ ನೀರೂ ಬಂದು ಬೀಳುವ ಸಣ್ಣ ಘಟಕದಲ್ಲಿ ಎಲ್ಲಕ್ಕೂ ಒಪ್ಪುವ ಒಂದೇ ಮಟ್ಟ ಸಿಗುವುದಿಲ್ಲ. ಹೀಗಾಗಿ ಸಂಸ್ಕರಿಸಿದ ನೀರಿನಲ್ಲೂ ಒಂದಿಷ್ಟು ಲೋಹ ಉಳಿದೇ ಉಳಿಯುತ್ತದೆ.

ಉಳಿದ ಆ ಅಲ್ಪಪ್ರಮಾಣವನ್ನು ತೆಗೆಯಲು ಅಯಾನು ವಿನಿಮಯ ರಾಳ ಅಂದರೆ ರೆಸಿನ್, ಆರ್‌ಒ ಪೊರೆ, ಸಕ್ರಿಯ ಇದ್ದಿಲು ಮೊದಲಾದ ಮಾರ್ಗಗಳಿವೆ. ಎಲ್ಲವೂ ಪರಿಣಾಮಕಾರಿ, ಆದರೆ ದುಬಾರಿ. ಹತ್ತಾರು ಕಾರ್ಮಿಕರನ್ನಿಟ್ಟುಕೊಂಡು ಬಾಡಿಗೆ ಶೆಡ್ಡಿನಲ್ಲಿ ನಡೆಯುವ ಘಟಕಕ್ಕೆ ಆ ವೆಚ್ಚ ಹೊರೆಯಾಗುತ್ತದೆ.

ಮಾನದಂಡಗಳ ನಡುವಿನ ಅಂತರವನ್ನೂ ಇಲ್ಲಿ ಗಮನಿಸಬೇಕು. ಪರಿಸರ ಸಂರಕ್ಷಣಾ ನಿಯಮಗಳ ಸಾಮಾನ್ಯ ಮಾನದಂಡದಂತೆ, ನದಿ ಕೆರೆಗಳಿಗೆ ಬಿಡುವ ತ್ಯಾಜ್ಯ ನೀರಿನಲ್ಲಿ ಲೀಟರಿಗೆ 3 ಮಿಲಿಗ್ರಾಂವರೆಗೆ ನಿಕ್ಕಲ್, 0.1 ಮಿಲಿಗ್ರಾಂವರೆಗೆ ಸೀಸ ಇರಬಹುದು. ಕುಡಿಯುವ ನೀರಿನ ಭಾರತೀಯ ಮಾನದಂಡ (ಐಎಸ್ 10500, 2012) ಹೇಳುವ ಮಿತಿ ನಿಕ್ಕಲ್‌ಗೆ 0.02 ಮಿಲಿಗ್ರಾಂ, ಸೀಸಕ್ಕೆ 0.01 ಮಿಲಿಗ್ರಾಂ, ಕ್ಯಾಡ್ಮಿಯಂಗೆ 0.003 ಮಿಲಿಗ್ರಾಂ. ಅಂದರೆ ಕಾನೂನಿನ ಮಿತಿಯೊಳಗೇ ಇರುವ ತ್ಯಾಜ್ಯ ನೀರಿನಲ್ಲಿ ಕುಡಿಯುವ ನೀರಿಗಿಂತ ನೂರೈವತ್ತು ಪಟ್ಟು ಹೆಚ್ಚು ನಿಕ್ಕಲ್ ಇರಲು ಅವಕಾಶವಿದೆ. ಹೊಳೆಯ ನೀರು ಬೆರೆತು ಅದು ತೆಳುವಾಗುತ್ತದೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಬೇಸಿಗೆಯಲ್ಲಿ ತ್ಯಾಜ್ಯ ನೀರೇ ಹೊಳೆಯಾಗಿ ಹರಿಯುವ ವೃಷಭಾವತಿಯಂಥ ಕಡೆ ತೆಳುವಾಗಿಸಲು ಒಳ್ಳೆಯ ನೀರು ಎಲ್ಲಿಂದ ಬರಬೇಕು?

ಸಿಪ್ಪೆ ಲೋಹವನ್ನು ಹಿಡಿಯುವ ಬಗೆ

ಈ ಕೊನೆಯ ಹಂತದಲ್ಲಿಯೇ ಕೃಷಿ ತ್ಯಾಜ್ಯಕ್ಕೆ ಅವಕಾಶವಿದೆ. ಸಿಪ್ಪೆ, ಹೊಟ್ಟು, ನಾರುಗಳೆಲ್ಲ ಮುಖ್ಯವಾಗಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಮೂರು ವಸ್ತುಗಳಿಂದಾದವು. ಇವುಗಳ ಮೇಲ್ಮೈಯಲ್ಲಿ ಕಾರ್ಬಾಕ್ಸಿಲ್, ಹೈಡ್ರಾಕ್ಸಿಲ್, ಫೀನಾಲ್ ಎಂಬ ರಾಸಾಯನಿಕ ಗುಂಪುಗಳಿರುತ್ತವೆ. ಇವನ್ನು ಗೋಡೆಗೆ ಹೊಡೆದ ಗೂಟಗಳೆಂದು ಕಲ್ಪಿಸಿಕೊಳ್ಳಬಹುದು. ಸಾಮಾನ್ಯವಾಗಿ ಆ ಗೂಟಗಳಲ್ಲಿ ಹೈಡ್ರೋಜನ್, ಕ್ಯಾಲ್ಸಿಯಂ, ಪೊಟಾಸಿಯಂನಂಥ ನಿರಪಾಯಕಾರಿ ಅಯಾನುಗಳು ತೂಗಿಕೊಂಡಿರುತ್ತವೆ. ಸೀಸ ಅಥವಾ ತಾಮ್ರದ ಅಯಾನು ಹತ್ತಿರ ಬಂದಾಗ ಗೂಟವು ಹಳೆಯದನ್ನು ಬಿಟ್ಟು ಹೊಸದನ್ನು ಹಿಡಿದುಕೊಳ್ಳುತ್ತದೆ.

ಇದು ಸ್ಪಂಜು ನೀರು ಹೀರುವಂಥ ಕ್ರಿಯೆಯಲ್ಲ. ಲೋಹ ಸಿಪ್ಪೆಯ ಒಳಕ್ಕೆ ಇಂಗುವುದಕ್ಕಿಂತ ಹೆಚ್ಚಾಗಿ ಮೇಲ್ಮೈಗೆ ಅಂಟಿಕೊಳ್ಳುತ್ತದೆ. ಇದನ್ನು ಮೇಲ್ಮೈ ಹೀರಿಕೆ ಎನ್ನುತ್ತಾರೆ. ಗೂಟಗಳ ಸಂಖ್ಯೆ ಸೀಮಿತವಾದ್ದರಿಂದ ಹೀರಿಕೆಗೂ ಒಂದು ಮಿತಿಯಿದೆ. ಗೂಟಗಳು ತುಂಬಿದ ಮೇಲೆ ಎಷ್ಟು ಹೊತ್ತು ಇಟ್ಟರೂ ಸಿಪ್ಪೆ ಹೆಚ್ಚು ಲೋಹ ಹಿಡಿಯುವುದಿಲ್ಲ. ಈ ಮಿತಿಯನ್ನು ಗಣಿತದ ಸೂತ್ರವಾಗಿ ರೂಪಿಸಿದವರು ಅಮೆರಿಕದ ವಿಜ್ಞಾನಿ ಇರ್ವಿಂಗ್ ಲ್ಯಾಂಗ್ಮೂರ್. 1918ರಲ್ಲಿ ಅನಿಲಗಳ ಹೀರಿಕೆಯನ್ನು ವಿವರಿಸಲು ಅವರು ನೀಡಿದ ಸೂತ್ರವನ್ನೇ ಇಂದು ಸಿಪ್ಪೆಯ ಸಾಮರ್ಥ್ಯ ಅಳೆಯಲೂ ಬಳಸುತ್ತಾರೆ. ಮೇಲ್ಮೈ ರಸಾಯನಶಾಸ್ತ್ರದ ಸಾಧನೆಗಾಗಿ ಅವರಿಗೆ 1932ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಪ್ರಯೋಗದ ವಿಧಾನ ಸರಳವಾಗಿದೆ. ಸಿಪ್ಪೆಯನ್ನು ತೊಳೆದು, ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿಯುತ್ತಾರೆ. ನಿರ್ದಿಷ್ಟ ಪ್ರಮಾಣದ ಲೋಹ ಕರಗಿಸಿದ ನೀರಿಗೆ ಅದನ್ನು ಹಾಕಿ ಕಲಕುತ್ತಾರೆ. ಸಾಮಾನ್ಯವಾಗಿ ಒಂದೆರಡು ಗಂಟೆಗಳೊಳಗೆ ಹೀರಿಕೆಯ ಬಹುಪಾಲು ಮುಗಿದಿರುತ್ತದೆ. ಪುಡಿ ಸಣ್ಣದಾದಷ್ಟೂ ಮೇಲ್ಮೈ ಹೆಚ್ಚಿ ಹೀರಿಕೆ ವೇಗವಾಗುತ್ತದೆ.

ಒಂದೊಂದು ಲೋಹಕ್ಕೂ ಒಂದೊಂದು ಸ್ವಭಾವ

ಹೀರಿಕೆಯ ಯಶಸ್ಸನ್ನು ನಿರ್ಧರಿಸುವ ಅತಿ ಮುಖ್ಯ ಅಂಶ ನೀರಿನ ಆಮ್ಲೀಯತೆ. ಸೀಸ, ತಾಮ್ರ, ಕ್ಯಾಡ್ಮಿಯಂ, ನಿಕ್ಕಲ್‌ಗಳು ನೀರಿನಲ್ಲಿ ಧನ ವಿದ್ಯುದಂಶದ ಅಯಾನುಗಳಾಗಿರುತ್ತವೆ. ನೀರು ತೀರಾ ಆಮ್ಲೀಯವಾಗಿದ್ದರೆ ಹೈಡ್ರೋಜನ್ ಅಯಾನುಗಳೇ ಗೂಟಗಳಿಗಾಗಿ ಪೈಪೋಟಿ ನಡೆಸಿ ಲೋಹವನ್ನು ದೂರವಿಡುತ್ತವೆ. ಇವುಗಳಿಗೆ ಪಿಎಚ್ 4ರಿಂದ 6ರ ನಡುವಿನ ನೀರು ಅನುಕೂಲಕರ.

ಕ್ರೋಮಿಯಂ ಇದಕ್ಕೆ ತದ್ವಿರುದ್ಧ. ಹೆಕ್ಸಾವೆಲೆಂಟ್ ಕ್ರೋಮಿಯಂ ನೀರಿನಲ್ಲಿ ಕ್ರೋಮೇಟ್ ಎಂಬ ಋಣ ವಿದ್ಯುದಂಶದ ಅಯಾನಾಗಿರುತ್ತದೆ. ಅದಕ್ಕೆ ಪಿಎಚ್ 2ರ ಸುಮಾರಿನ ಆಮ್ಲೀಯ ನೀರು ಬೇಕು. ಇಲ್ಲಿ ಇನ್ನೊಂದು ಕ್ರಿಯೆಯೂ ನಡೆಯುತ್ತದೆ: ಸಿಪ್ಪೆಯಲ್ಲಿರುವ ಸಾವಯವ ವಸ್ತುಗಳು ಕ್ರೋಮಿಯಂ ಅನ್ನು ವಿಷಕಾರಿ ರೂಪದಿಂದ ಟ್ರೈವೆಲೆಂಟ್ ರೂಪಕ್ಕೆ ಇಳಿಸುತ್ತವೆ. ಮೊದಮೊದಲು ಅನೇಕ ಸಂಶೋಧಕರು ಇದನ್ನು ಬರೀ ಹೀರಿಕೆ ಎಂದೇ ಭಾವಿಸಿದ್ದರು. ಕ್ರೋಮಿಯಂನ ಒಂದು ಪಾಲು ರೂಪ ಬದಲಿಸಿಕೊಂಡು ನೀರಿನಲ್ಲೇ ಉಳಿದಿರಬಹುದು ಎಂಬುದು ನಂತರ ಸ್ಪಷ್ಟವಾಯಿತು. ಆದ್ದರಿಂದ ಹೆಕ್ಸಾವೆಲೆಂಟ್ ಕ್ರೋಮಿಯಂ ಮಾತ್ರ ಅಳೆದು 'ಶೇ. 99ರಷ್ಟು ತೆಗೆಯಲಾಗಿದೆ' ಎಂದರೆ ಸಾಲದು, ಒಟ್ಟು ಕ್ರೋಮಿಯಂ ಎಷ್ಟಿದೆ ಎಂದೂ ಅಳೆಯಬೇಕು.

ಆರ್ಸೆನಿಕ್ ಕೂಡ ಧನ ವಿದ್ಯುದಂಶದ ಅಯಾನಲ್ಲ. ಹಸಿ ಸಿಪ್ಪೆ ಅದನ್ನು ಅಷ್ಟಾಗಿ ಹಿಡಿಯುವುದಿಲ್ಲ. ಸಿಪ್ಪೆಗೆ ಕಬ್ಬಿಣದ ಆಕ್ಸೈಡಿನ ಲೇಪನ ಕೊಟ್ಟಾಗ ಮಾತ್ರ ಪ್ರಯೋಜನವಾಗುತ್ತದೆ. 'ಈ ಸಿಪ್ಪೆ ಎಲ್ಲ ವಿಷವನ್ನೂ ತೆಗೆಯುತ್ತದೆ' ಎಂದು ಯಾರಾದರೂ ಹೇಳಿದರೆ ಓದುಗರು ಆ ಮಾತನ್ನು ಅನುಮಾನದಿಂದ ನೋಡುವುದೇ ಸರಿ.

ಹಿತ್ತಲಲ್ಲೇ ಇರುವ ಕಚ್ಚಾವಸ್ತು

ಕರ್ನಾಟಕಕ್ಕೆ ಕಚ್ಚಾವಸ್ತುವಿನ ಕೊರತೆಯಿಲ್ಲ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ದೇಶದ ಕಾಫಿಯ ಸುಮಾರು ಶೇ. 70ರಷ್ಟು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳಿಂದಲೇ ಬರುತ್ತದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಭಾಗದಲ್ಲಿ ಅಕ್ಕಿ ಗಿರಣಿಗಳಿವೆ. ಭತ್ತದ ತೂಕದಲ್ಲಿ ಐದನೇ ಒಂದು ಭಾಗದಷ್ಟು ಹೊಟ್ಟು ಇರುತ್ತದೆ. ಮಂಡ್ಯ, ಬೆಳಗಾವಿ, ಬಾಗಲಕೋಟೆಗಳಲ್ಲಿ ಕಬ್ಬು, ಕಲಬುರಗಿಯಲ್ಲಿ ತೊಗರಿ ಇವೆ.

ಆದರೆ ಇವೆಲ್ಲವೂ ಬಿಟ್ಟಿಯಾಗಿ ಬಿದ್ದಿರುವ ಕಸ ಎಂದು ತಿಳಿಯುವುದು ತಪ್ಪು. ಭತ್ತದ ಹೊಟ್ಟು ಬಾಯ್ಲರುಗಳಿಗೆ, ಇಟ್ಟಿಗೆ ಗೂಡುಗಳಿಗೆ, ಕೋಳಿ ಫಾರಂಗಳಿಗೆ ಹೋಗುತ್ತದೆ. ಕಬ್ಬಿನ ಸಿಪ್ಪೆಯನ್ನು ಸಕ್ಕರೆ ಕಾರ್ಖಾನೆಗಳೇ ಉರಿಸಿ ವಿದ್ಯುತ್ ಉತ್ಪಾದಿಸುತ್ತವೆ. ತೆಂಗಿನ ನಾರಿನ ಪುಡಿ ಕೊಕೊಪೀಟ್ ಹೆಸರಿನಲ್ಲಿ ನರ್ಸರಿಗಳನ್ನು ಸೇರಿ ವಿದೇಶಕ್ಕೂ ರಫ್ತಾಗುತ್ತದೆ. ನಿಜಕ್ಕೂ ಯಾರಿಗೂ ಬೇಡವಾಗಿ ರಸ್ತೆ ಬದಿಯಲ್ಲಿ ಉರಿಯುವ ಅಡಿಕೆ ಸಿಪ್ಪೆಯಂಥ ವಸ್ತುಗಳತ್ತ ಮೊದಲು ನೋಡುವುದು ವಿವೇಕ.

ಕೃಷಿ ತ್ಯಾಜ್ಯದಿಂದ ನೀರು ಶುದ್ಧೀಕರಿಸುವ ಒಂದು ಉದ್ಯಮ ಈಗಾಗಲೇ ಯಶಸ್ವಿಯಾಗಿದೆ ಎಂಬುದೂ ಗಮನಾರ್ಹ. ತೆಂಗಿನ ಕರಟದ ಇದ್ದಿಲನ್ನು 800 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖದಲ್ಲಿ ಹಬೆ ಹಾಯಿಸಿ ಸಕ್ರಿಯ ಇದ್ದಿಲಾಗಿ ಪರಿವರ್ತಿಸುತ್ತಾರೆ. ನಮ್ಮ ಮನೆಗಳ ನೀರಿನ ಫಿಲ್ಟರುಗಳಲ್ಲಿ ಸಾಮಾನ್ಯವಾಗಿ ಇರುವುದು ಇದೇ. ಇಂಥ ಇದ್ದಿಲಿನ ಒಂದು ಗ್ರಾಂನಲ್ಲಿ ಸುಮಾರು ಒಂದು ಸಾವಿರ ಚದರ ಮೀಟರಿನಷ್ಟು, ಅಂದರೆ ಹತ್ತು ಗುಂಟೆ ಜಮೀನಿನಷ್ಟು ಮೇಲ್ಮೈ ಅಡಗಿರುತ್ತದೆ. ಆದರೆ ಅದರ ಬಲ ಇರುವುದು ವಾಸನೆ, ಬಣ್ಣ, ಕ್ಲೋರಿನ್, ಸಾವಯವ ರಾಸಾಯನಿಕಗಳನ್ನು ಹಿಡಿಯುವುದರಲ್ಲಿ. ಹಸಿ ಸಿಪ್ಪೆಯ ಮೇಲ್ಮೈ ಇದರ ಮುಂದೆ ಏನೂ ಅಲ್ಲ. ಅದರ ಬಲವೆಲ್ಲ ಗೂಟಗಳಲ್ಲಿದೆ. ಹೀಗಾಗಿ ಎರಡರ ಕೆಲಸವೂ ಬೇರೆ ಬೇರೆ.

ಪ್ರಯೋಗಾಲಯದ ಹೊಸ್ತಿಲು ದಾಟದ ಕಾರಣ

ಜೈವಿಕ ವಸ್ತುಗಳಿಂದ ಲೋಹ ಹೀರಿಸುವ ಈ ಶಾಖೆಗೆ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ಬೊಹುಮಿಲ್ ವೊಲೆಸ್ಕಿ ಮೊದಲಾದವರು 1980 ಮತ್ತು 90ರ ದಶಕಗಳಲ್ಲಿ ಭದ್ರ ತಳಹದಿ ಹಾಕಿದರು. ಆ ನಂತರ ಸಾವಿರಾರು ಪ್ರಬಂಧಗಳು ಪ್ರಕಟವಾದವು. ಅವುಗಳಲ್ಲಿ ಭಾರತದ ಕಾಲೇಜು, ವಿಶ್ವವಿದ್ಯಾಲಯಗಳ ಪಾಲು ಸಣ್ಣದಲ್ಲ. ಪಾಚಿ, ಸೂಕ್ಷ್ಮಜೀವಿಗಳಿಂದ ತಯಾರಿಸಿದ ಆಲ್ಗಾಸಾರ್ಬ್, ಬಯೋಕ್ಲೇಮ್ ಎಂಬ ಹೆಸರಿನ ಹೀರುವಸ್ತುಗಳು ಅಮೆರಿಕದ ಮಾರುಕಟ್ಟೆಗೂ ಬಂದವು. ಆದರೆ ಅವು ಹೆಚ್ಚು ಕಾಲ ನೆಲೆಯೂರಲಿಲ್ಲ.

ಇದಕ್ಕೆ ಕಾರಣಗಳು ಹಲವು. ಪ್ರಯೋಗಾಲಯದ ನೀರಿನಲ್ಲಿ ಸಾಮಾನ್ಯವಾಗಿ ಒಂದೇ ಲೋಹ ಇರುತ್ತದೆ. ಕಾರ್ಖಾನೆಯ ನೀರಿನಲ್ಲಿ ನಾಲ್ಕಾರು ಲೋಹಗಳು, ಎಣ್ಣೆ, ಸೋಪು, ಸೈನೈಡ್, ಹೊಳಪಿನ ರಾಸಾಯನಿಕಗಳು ಬೆರೆತಿರುತ್ತವೆ. ಕೊಳವೆಬಾವಿಯ ಗಡಸು ನೀರಾಗಿದ್ದರೆ ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೂ ಗೂಟಗಳಿಗಾಗಿ ಮುಗಿಬೀಳುತ್ತವೆ. ಪ್ರಯೋಗದಲ್ಲಿ ಕಂಡ ಸಾಮರ್ಥ್ಯ ಇಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದರೂ ಆಶ್ಚರ್ಯವಿಲ್ಲ.

ಎರಡನೆಯದಾಗಿ, ಹಸಿ ಸಿಪ್ಪೆ ತನ್ನದೇ ಬಣ್ಣ, ಟ್ಯಾನಿನ್‌ಗಳನ್ನು ನೀರಿಗೆ ಬಿಡುತ್ತದೆ. ಅಡಿಕೆ ನೆನೆಸಿದ ನೀರು ಕೆಂಪಾಗುವುದನ್ನು ನೋಡದವರು ಮಲೆನಾಡಿನಲ್ಲಿ ಇರಲಾರರು. ಲೋಹ ತೆಗೆಯಲು ಹೋಗಿ ನೀರಿನ ಸಾವಯವ ಮಾಲಿನ್ಯ ಹೆಚ್ಚಿಸಿದಂತಾಗುತ್ತದೆ. ಇದನ್ನು ತಪ್ಪಿಸಲು ಸಿಪ್ಪೆಯನ್ನು ಮೊದಲೇ ಆಮ್ಲ ಅಥವಾ ಕ್ಷಾರದಲ್ಲಿ ತೊಳೆಯಬೇಕು. ತೊಳೆದ ಆ ನೀರನ್ನೂ ಸಂಸ್ಕರಿಸಬೇಕು. 'ಅಗ್ಗದ ವಿಧಾನ' ಎಂಬ ಮಾತು ಇಲ್ಲಿಂದಲೇ ದುರ್ಬಲವಾಗುತ್ತದೆ.

ಮೂರನೆಯದು ಏಕರೂಪತೆಯ ಪ್ರಶ್ನೆ. ರೆಸಿನ್ ಚೀಲ ಎಲ್ಲಿ ಕೊಂಡರೂ ಒಂದೇ ಗುಣಮಟ್ಟದ್ದು. ಸಿಪ್ಪೆಯ ಗುಣ ತಳಿ, ಮಣ್ಣು, ಕೊಯ್ಲಿನ ಕಾಲ, ಒಣಗಿಸಿದ ರೀತಿಗೆ ತಕ್ಕಂತೆ ಬದಲಾಗುತ್ತದೆ. ಸಣ್ಣ ಪುಡಿಯಾದರೆ ನೀರು ಹರಿಯದೆ ಕಟ್ಟಿಕೊಳ್ಳುತ್ತದೆ, ದಪ್ಪ ತುಂಡಾದರೆ ಹೀರಿಕೆ ನಿಧಾನ. ದಿನಗಳು ಕಳೆದಂತೆ ಒದ್ದೆ ಸಿಪ್ಪೆ ಕೊಳೆಯತೊಡಗುತ್ತದೆ.

ಒಂದು ಸರಳ ಲೆಕ್ಕ

ಇವೆಲ್ಲವೂ ತಾಂತ್ರಿಕ ತೊಡಕುಗಳು, ಪರಿಹಾರ ಹುಡುಕಬಹುದು. ನಿಜವಾದ ಪ್ರಶ್ನೆ ಬೇರೆಯೇ ಇದೆ. ಉದಾಹರಣೆಗಾಗಿ ಒಂದು ಲೆಕ್ಕ ಹಾಕಿ ನೋಡೋಣ. ಒಂದು ಸಣ್ಣ ಘಟಕದಿಂದ ದಿನಕ್ಕೆ 5,000 ಲೀಟರ್ ನೀರು ಬರುತ್ತದೆ, ಪ್ರತಿ ಲೀಟರಿನಲ್ಲಿ 20 ಮಿಲಿಗ್ರಾಂ ನಿಕ್ಕಲ್ ಇದೆ ಎಂದುಕೊಳ್ಳೋಣ. ಒಟ್ಟು ನಿಕ್ಕಲ್ ದಿನಕ್ಕೆ 100 ಗ್ರಾಂ ಆಯಿತು. ಒಂದು ಕೆಜಿ ಸಿಪ್ಪೆ 10 ಗ್ರಾಂ ಲೋಹ ಹಿಡಿಯುತ್ತದೆ ಎಂದಾದರೆ ದಿನಕ್ಕೆ 10 ಕೆಜಿ ಸಿಪ್ಪೆ ಬೇಕು. ಇಪ್ಪತ್ತೈದು ದಿನ ಕೆಲಸ ನಡೆಯುವ ತಿಂಗಳಿಗೆ 250 ಕೆಜಿ. ವಾಸ್ತವದಲ್ಲಿ ಸಿಪ್ಪೆಯ ಸಾಮರ್ಥ್ಯ ಪೂರ್ತಿ ಸಿಗದು. ಮೂರು ಪಟ್ಟು ಬೇಕಾದರೆ ಅದು 750 ಕೆಜಿ ಆಗುತ್ತದೆ.

ಸಿಪ್ಪೆ ಒದಗಿಸುವುದು ಕಷ್ಟವಲ್ಲ, ಒಂದು ಸಣ್ಣ ಟೆಂಪೋ ಸಾಕು. ಆದರೆ ತಿಂಗಳ ಕೊನೆಯಲ್ಲಿ ಶೆಡ್ಡಿನ ಮೂಲೆಯಲ್ಲಿ 750 ಕೆಜಿ ಒದ್ದೆ ಸಿಪ್ಪೆಯ ರಾಶಿ ಇರುತ್ತದೆ. ಅದರೊಳಗೆ ಎರಡೂವರೆ ಕೆಜಿ ನಿಕ್ಕಲ್ ಇರುತ್ತದೆ. ನೋಡಲು ಅದು ಸಾಮಾನ್ಯ ಸಿಪ್ಪೆಯಂತೆಯೇ ಕಾಣುತ್ತದೆ. ಅದು ಎಲ್ಲಿಗೆ ಹೋಗಬೇಕು?

ಇಟ್ಟಿಗೆ ಗೂಡಿಗೆ ಉರುವಲಾಗಿ ಹೋದರೆ ಸೀಸ, ಕ್ಯಾಡ್ಮಿಯಂನಂಥ ಲೋಹಗಳ ಒಂದು ಪಾಲು ಹೊಗೆಯಲ್ಲಿ ಸೇರುತ್ತದೆ. ಉಳಿದದ್ದು ಬೂದಿಯಲ್ಲಿ ಇನ್ನಷ್ಟು ಸಾಂದ್ರವಾಗುತ್ತದೆ. ಕ್ರೋಮಿಯಂ ಹೀರಿದ ಸಿಪ್ಪೆಯ ಅಪಾಯ ಇನ್ನೂ ಹೆಚ್ಚು: ಗಾಳಿಯಲ್ಲಿ, ಕ್ಷಾರಯುಕ್ತ ಬೂದಿಯ ಸಂಪರ್ಕದಲ್ಲಿ ಉರಿದಾಗ ನಿರಪಾಯಕಾರಿ ಎನ್ನಬಹುದಾದ ಟ್ರೈವೆಲೆಂಟ್ ಕ್ರೋಮಿಯಂ ಮತ್ತೆ ಹೆಕ್ಸಾವೆಲೆಂಟ್ ರೂಪಕ್ಕೆ ಮರಳಬಲ್ಲದು. ತಿಪ್ಪೆಗೆ ಸೇರಿ ಗೊಬ್ಬರವಾದರೆ ಯಾವ ಗದ್ದೆಯನ್ನು ಉಳಿಸಲು ಹೊರಟೆವೋ ಅದೇ ಗದ್ದೆಗೆ ಲೋಹವನ್ನು ಗಾಡಿಯಲ್ಲಿ ಒಯ್ದು ಸುರಿದಂತಾಗುತ್ತದೆ. ರಸ್ತೆ ಬದಿ ಬಿದ್ದರೆ ಮೊದಲ ಮಳೆಯೇ ಅದನ್ನು ಚರಂಡಿಗೆ ಇಳಿಸುತ್ತದೆ. ಆಮ್ಲೀಯ ನೀರು ತಾಗಿದರೆ ಗೂಟಗಳು ಹಿಡಿದದ್ದನ್ನು ಬಿಟ್ಟುಕೊಡುತ್ತವೆ.

ಕಾರ್ಖಾನೆಯಲ್ಲಿ ಲೋಹ ಹೀರಿದ ಸಿಪ್ಪೆ ಕೃಷಿ ತ್ಯಾಜ್ಯವಾಗಿ ಉಳಿಯುವುದಿಲ್ಲ. ಅದನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕಣ್ಣಿನಿಂದಲೇ ನೋಡಬೇಕಾಗುತ್ತದೆ. ಸುಣ್ಣದಿಂದ ಬಂದ ಕೆಸರಿಗೆ ಯಾವ ಕಟ್ಟುಪಾಡೋ ಇದಕ್ಕೂ ಅದೇ. ಸಂಶೋಧನಾ ಪ್ರಬಂಧಗಳಲ್ಲಿ ಎಷ್ಟೋ ಬಾರಿ 'ಅಗ್ಗ, ಸುಲಭ, ಪರಿಸರಸ್ನೇಹಿ' ಎಂಬ ಮೂರು ವಿಶೇಷಣಗಳು ಸಿಗುತ್ತವೆ. ಬಳಸಿದ ಸಿಪ್ಪೆಯ ವಿಲೇವಾರಿಗೆ ಒಂದು ಸಾಲೂ ಸಿಗುವುದಿಲ್ಲ.

ದಾರಿಗಳಿವೆ

ಹಾಗೆಂದ ಮಾತ್ರಕ್ಕೆ ಈ ವಿಧಾನವನ್ನು ಕೈಬಿಡಬೇಕಾಗಿಲ್ಲ. ಸಿಪ್ಪೆ ಹಿಡಿದ ಲೋಹವನ್ನು ತೆಳುವಾದ ಆಮ್ಲದಿಂದ ತೊಳೆದು ಬಿಡಿಸಬಹುದು. ಆಗ ಸಾವಿರಾರು ಲೀಟರ್ ನೀರಿನಲ್ಲಿ ಹರಡಿದ್ದ ಲೋಹ ಕೆಲವೇ ಹತ್ತು ಲೀಟರ್ ದ್ರಾವಣಕ್ಕೆ ಇಳಿಯುತ್ತದೆ. ಅಷ್ಟು ಸಾಂದ್ರವಾದ ದ್ರಾವಣದಿಂದ ನಿಕ್ಕಲ್, ತಾಮ್ರದಂಥ ಬೆಲೆಬಾಳುವ ಲೋಹಗಳನ್ನು ಮರಳಿ ಪಡೆಯಲೂ ಸಾಧ್ಯ. ಅದೇ ಸಿಪ್ಪೆಯನ್ನು ಮತ್ತೆ ಬಳಸಬಹುದು. ಐದು ಬಾರಿ ಬಳಸಿದರೆ ತಿಂಗಳಿಗೆ 750 ಕೆಜಿ ಬೇಕಾದ ಕಡೆ 150 ಕೆಜಿ ಸಾಕಾಗುತ್ತದೆ. ಪ್ರತಿ ಸಲವೂ ಸಾಮರ್ಥ್ಯ ಸ್ವಲ್ಪ ಕುಂದುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಬೇಕು.

ಈ ಕೆಲಸವನ್ನು ಪ್ರತಿ ಶೆಡ್ಡಿನಲ್ಲೂ ಮಾಡುವುದು ಅಸಾಧ್ಯ, ಅಪಾಯಕಾರಿಯೂ ಹೌದು. ಆದ್ದರಿಂದ ಸಿಪ್ಪೆ ತುಂಬಿದ ಕೊಳವೆಗಳನ್ನು ಘಟಕಗಳಿಗೆ ಕೊಟ್ಟು, ತುಂಬಿದವನ್ನು ಹಿಂಪಡೆದು, ಒಂದೇ ಕಡೆ ಲೋಹ ಬಿಡಿಸುವ ವ್ಯವಸ್ಥೆಯೇ ಸೂಕ್ತ. ಅಡುಗೆ ಅನಿಲದ ಸಿಲಿಂಡರಿನಂತೆ ತುಂಬಿದ್ದು ಬಂದಾಗ ಖಾಲಿಯದು ಹೋಗಬೇಕು, ಪ್ರತಿಯೊಂದರ ಲೆಕ್ಕವೂ ಇರಬೇಕು. ಸಣ್ಣ ಘಟಕಗಳ ತ್ಯಾಜ್ಯ ನೀರನ್ನು ಒಟ್ಟಾಗಿ ಸಂಸ್ಕರಿಸುವ ಸಾಮೂಹಿಕ ಶುದ್ಧೀಕರಣ ಘಟಕಗಳು ಇದಕ್ಕೆ ಸಹಜ ಸ್ಥಳ. ಸುಣ್ಣದ ತೊಟ್ಟಿ ಬಹುಪಾಲು ಲೋಹವನ್ನು ತೆಗೆಯಲಿ. ಉಳಿದ ಕೊಂಚ ಅಂಶಕ್ಕಷ್ಟೇ ಸಿಪ್ಪೆಯ ಕೊಳವೆ ಬಳಕೆಯಾಗಲಿ. ಕೊನೆಗೆ ಉಪಯೋಗಕ್ಕೆ ಬಾರದ ಸಿಪ್ಪೆ ಅಪಾಯಕಾರಿ ತ್ಯಾಜ್ಯಕ್ಕೆಂದೇ ನಿರ್ಮಿಸಿದ ಸುರಕ್ಷಿತ ಸ್ಥಳವನ್ನೇ ಸೇರಬೇಕು.

ಮನೆಯಲ್ಲಿ ಕುಡಿಯುವ ನೀರಿಗೆ ಸಿಪ್ಪೆ, ಹೊಟ್ಟು ಹಾಕಿ ಶುದ್ಧೀಕರಿಸುವ ಪ್ರಯೋಗಕ್ಕೆ ಮಾತ್ರ ಯಾರೂ ಕೈಹಾಕಬಾರದು. ಗೂಟಗಳು ಯಾವಾಗ ತುಂಬಿದವು ಎಂಬುದು ಪರೀಕ್ಷೆಯಿಲ್ಲದೆ ತಿಳಿಯದು. ಕೊಳವೆಬಾವಿಯ ನೀರಿನ ಬಗ್ಗೆ ಅನುಮಾನವಿದ್ದವರು ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಅದನ್ನು ಪರೀಕ್ಷಿಸಬೇಕು. 'ಸಾಮಾನ್ಯ ನೀರಿನ ಪರೀಕ್ಷೆ'ಯಲ್ಲಿ ಭಾರ ಲೋಹಗಳು ಸೇರಿರುವುದಿಲ್ಲವಾದ್ದರಿಂದ ಅವನ್ನು ಹೆಸರಿಸಿಯೇ ಕೇಳಬೇಕು.

ಇನ್ನು ಮುಂದೆ 'ಕೃಷಿ ತ್ಯಾಜ್ಯದಿಂದ ನೀರು ಶುದ್ಧೀಕರಣ' ಎಂಬ ಸುದ್ದಿ ಓದಿದಾಗ ಮೂರು ಪ್ರಶ್ನೆ ಕೇಳಬಹುದು. ಪ್ರಯೋಗಾಲಯದ ನೀರೋ, ಕಾರ್ಖಾನೆಯ ನೀರೋ? ಎಷ್ಟು ಬಾರಿ ಮರುಬಳಕೆ ಸಾಧ್ಯ? ಬಳಸಿದ ಸಿಪ್ಪೆ ಹೋಗುವುದೆಲ್ಲಿಗೆ? ಮೂರನೆಯದಕ್ಕೆ ಉತ್ತರವಿಲ್ಲದ ಯೋಜನೆ ನೀರಿನಲ್ಲಿದ್ದ ವಿಷವನ್ನು ನೆಲಕ್ಕೆ ವರ್ಗಾಯಿಸುತ್ತದೆ ಅಷ್ಟೆ. ಉತ್ತರವಿದ್ದರೆ ಚನ್ನಗಿರಿ ರಸ್ತೆಯ ಹೊಗೆ ತಗ್ಗಬಹುದು, ಸಿಪ್ಪೆಗೂ ನಾಲ್ಕು ಕಾಸು ಸಿಗಬಹುದು. ಬೈರಮಂಗಲದ ಕೆಳಗೆ ಬೆಳೆದ ಸೊಪ್ಪು, ಮೇವು ಎಲ್ಲಿಂದ ಬಂತೆಂದು ತಿಳಿಯದೆ ಉಣ್ಣುವ ನಗರವಾಸಿಗಳಿಗೂ ಅದರಿಂದ ಒಳಿತಾಗಬಹುದು.